ಗಂಟು ಹೊತ್ತ ಸಕ್ಕರೆ ಆನೆ

“ಆ ರೂಮ್ನಲ್ಲಿ ವರ್ಸಕ್ಕೊಂದು ತಿಂಗ್ಳು ಸಕ್ರೆ, ಮಿಕ್ಕ ಅನ್ನೊಂದು ತಿಂಗ್ಳು ಜಿರ್ಲೆ” ಎಂದು ನಮ್ಮ ಮಾವನವರು ಊಟಕ್ಕೆ ಕೂತಲ್ಲಿಂದ ಹೇಳಿದಾಗ, ಬಡಿಸುತ್ತಿದ್ದ ಅತ್ತೆಯ ಕೈ ಸಾರಿನ ಸೌಟಿನ ಸಮೇತ ಅಲ್ಲೇ ನಿಂತುಹೋಯಿತು. ನಾನು ನೋಡಿದೆ. ಮಾವ ನೋಡಲಿಲ್ಲ, ಅವರು ಮುದ್ದೆ ಮುರಿಯುತ್ತಿದ್ದರು.

ಪಾಂಡವಪುರದ ನಮ್ಮ ಮನೆಯಲ್ಲಿ ರಸ್ತೆ ಕಡೆಗೆ ಬಾಗಿಲಿದ್ದ ಮುಂದಿನ ರೂಮಿನ ಮಾತು ಅದು. ತೊಂಬತ್ತರ ದಶಕದ ನಡುವಿನ ವರ್ಷಗಳು. ಊರೂರಿಗೂ ಎಸ್‌ಟಿಡಿ ಬೂತುಗಳು ಹಳದಿ ಬೋರ್ಡು ಹಾಕಿಕೊಂಡು ಏಳುತ್ತಿದ್ದವು. ನಮ್ಮ ಬೀದಿಗೂ ಒಂದು ಹಾಕುತ್ತೇನೆಂದು ಒಬ್ಬಾತ ಮಾವನನ್ನು ಆಗಲೇ ಎರಡು ಸಲ ಕಂಡುಹೋಗಿದ್ದ. ರೂಮನ್ನು ಬಾಡಿಗೆಗೆ ಕೊಡುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಅತ್ತೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ ಜಾಗ ಅದೊಂದೇ. ಮಧ್ಯಾಹ್ನ ಅಡುಗೆ ಮನೆ ತೊಳೆದು ಅಲ್ಲಿ ಹೋಗಿ ಕೂತರೆ, ಹರಿದ ರವಿಕೆ ಹೊಲಿಯುವರು, ಅವರೆಕಾಳು ಸುಲಿಯುವರು, ಒಮ್ಮೊಮ್ಮೆ ಏನೂ ಮಾಡದೆ ಕಿಟಕಿಯಲ್ಲಿ ಕಬ್ಬಿನ ಗಾಡಿಗಳನ್ನು ನೋಡುತ್ತಾ ಕೂರುವರು. ಆ ಹೊತ್ತಿನಲ್ಲಿ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಮದುವೆಯಾಗಿ ಬಂದ ಎರಡನೇ ವರ್ಷದಿಂದ ನನಗೂ ಅಲ್ಲಿಗೆ ಪ್ರವೇಶ ಸಿಕ್ಕಿತ್ತು.

ಮಾವ ಹೇಳಿದ ಸಕ್ಕರೆ ಎಂದರೆ ಸಂಕ್ರಾಂತಿಯ ಸಕ್ಕರೆ ಅಚ್ಚು. ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಯ ಜೊತೆ ಇಡುವ ಬಿಳಿಯ ಗಿಳಿ, ಮಂಟಪ, ಆನೆ, ಕಬ್ಬು, ಹೂವು. ಆ ಮನೆಯ ಹಳೇ ಮರದ ಅಚ್ಚುಗಳಲ್ಲಿ ಅತ್ತೆ ಪ್ರತಿವರ್ಷ ಅವನ್ನು ಎರೆದು ನೆಂಟರಿಗೂ ಅಕ್ಕಪಕ್ಕದವರಿಗೂ ಕೊಡುತ್ತಿದ್ದರು. ನಾನು ಬಂದ ಮೇಲೆ ಒಂದಿಷ್ಟು ಹೊರಗಿನವರಿಗೂ ಮಾರಲು ಶುರು ಮಾಡಿದ್ದೆವು.

ಅವತ್ತು ಊಟ ಮುಗಿಯುವಷ್ಟರಲ್ಲಿ ಮಾವ ತಾವೇ ಒಂದು ದಾರಿ ಹೇಳಿದರು. “ಅರ್ಧ ಮೂಟೆ ಸಕ್ರೆ ತಂದಾಕ್ತೀನಿ. ಭೋಗಿ ದಿನ ಮಧ್ಯಾನದೊಳ್ಗೆ ಮೂಟೇನೂ ಖಾಲಿ ಆಗ್ಬೇಕು, ಅಚ್ಚೂ ಖಾಲಿ ಆಗ್ಬೇಕು. ಆದ್ರೆ ರೂಮು ನಿಮ್ದು. ಆಗ್ನಿಲ್ವಾ, ಬೂತಿನವ್ನಿಗೆ ಊಂ ಅಂತೀನಿ.”

“ಅರ್ಧ ಮೂಟೆನಾ!” ಎಂದರು ಅತ್ತೆ. ಅವರು ಅಲ್ಲಿಯವರೆಗೆ ಒಂದು ವರ್ಷಕ್ಕೆ ಐದು ಕೇಜಿ ದಾಟಿದವರಲ್ಲ.

ನಾನು ಶ್ರೀರಂಗಪಟ್ಟಣದ ಹುಡುಗಿ. ಮೈಸೂರಿನ ಕಾನ್ವೆಂಟಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಓದಿದವಳು. ಅಕ್ಷರ ಗುಂಡಗೆ ಬರೆಯುವುದು, ಅಂಚು ಬಿಟ್ಟು ಬರೆಯುವುದು, ಕೇಳಿದ್ದಕ್ಕೆ ಮೆಲ್ಲಗೆ ಉತ್ತರ ಕೊಡುವುದು ಎಲ್ಲವನ್ನೂ ಅಲ್ಲಿ ಕಲಿಸಿದ್ದರು. ವ್ಯಾಪಾರ ಕಲಿಸಿರಲಿಲ್ಲ. ಆದರೂ ಅವತ್ತು ನನಗೆ ಪರೀಕ್ಷೆಯ ಹಿಂದಿನ ದಿನದ ಹಾಗೆ ಆಗಿತ್ತು. ಭಯ ಅರ್ಧ, ಹುಮ್ಮಸ್ಸು ಅರ್ಧ. “ಮಾಡೋಣ ಅತ್ತೆ” ಎಂದುಬಿಟ್ಟೆ.

ಮಾರನೆಯ ದಿನದಿಂದಲೇ ಮುಂದಿನ ರೂಮಿನಲ್ಲಿ ಸೀಮೆಎಣ್ಣೆ ಸ್ಟವ್ ಉರಿಯತೊಡಗಿತು. ಮರದ ಅಚ್ಚುಗಳು ಹಿಂದಿನ ದಿನವೇ ನೀರಿನಲ್ಲಿ ನೆನೆಯಬೇಕು, ಇಲ್ಲದಿದ್ದರೆ ಸಕ್ಕರೆ ಮರವನ್ನು ಬಿಡುವುದಿಲ್ಲ. ಸಕ್ಕರೆ ಕುದಿಯುವಾಗ ಒಂದಿಷ್ಟು ಹಾಲು ಹಾಕಿದರೆ ಕೊಳೆಯೆಲ್ಲ ಬೂದು ಬಣ್ಣದ ನೊರೆಯಾಗಿ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಪಾಕಕ್ಕೆ ಇಟ್ಟು, ಸ್ವಲ್ಪ ಸ್ವಲ್ಪವನ್ನೇ ಪುಟ್ಟ ಬಾಣಲೆಗೆ ಬಗ್ಗಿಸಿಕೊಂಡು ಚಮಚದಲ್ಲಿ ತಿಕ್ಕಬೇಕು. ತಿಕ್ಕುತ್ತಾ ತಿಕ್ಕುತ್ತಾ ತಿಳಿನೀರಿನಂಥ ಪಾಕ ಒಮ್ಮೆಲೇ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಗಳಿಗೆಯಲ್ಲಿ ಅಚ್ಚಿಗೆ ಸುರಿಯಬೇಕು. ಎರಡು ಉಸಿರು ತಡವಾದರೆ ಬಾಣಲೆಯಲ್ಲೇ ಕಲ್ಲು. ಅತ್ತೆಗೆ ಆ ಗಳಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಚಮಚದ ಸದ್ದು ಬದಲಾಯಿತೆಂದರೆ “ಊಂ, ಸುರಿ!” ಎನ್ನುತ್ತಿದ್ದರು.

ಮಾಡುವುದೇನೋ ಮಾಡಿದೆವು. ಕೊಳ್ಳುವವರು ಬೇಕಲ್ಲ? ಐದೈದು ಅಚ್ಚಿನ ಪೊಟ್ಟಣ ಕಟ್ಟಿ, ನನ್ನ ಗುಂಡಕ್ಷರದಲ್ಲಿ “ಶುದ್ಧ ಸಕ್ಕರೆಯಿಂದ ಶುಚಿಯಾಗಿ ತಯಾರಿಸಿದ, ರುಚಿಕರವಾದ, ಮನೆಯ ಅಚ್ಚುಗಳು” ಎಂದು ಚೀಟಿ ಬರೆದು ಅಂಟಿಸಿದೆ. ಒಂದು ಬುಟ್ಟಿ ತುಂಬ ತೆಗೆದುಕೊಂಡು ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯ ಯಜಮಾನರು ಚೀಟಿ ಓದಿ, ಆಕಳಿಸಿ, “ಇಟ್ಟೋಗಮ್ಮ” ಎಂದರು. ಅವರ ಗಲ್ಲಾಪೆಟ್ಟಿಗೆಯ ಮುಂದೆ ಆಗಲೇ ಮೈಸೂರಿನಿಂದ ಬಂದ ಅಚ್ಚುಗಳು ಗುಲಾಬಿ, ಹಳದಿ, ಹಸಿರು ಬಣ್ಣದಲ್ಲಿ, ಗರಿಗರಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಿನುಗುತ್ತಿದ್ದವು. ನಮ್ಮವು ಬರೀ ಬಿಳಿ. ನಾಲ್ಕು ದಿನ ಬಿಟ್ಟು ಹೋದಾಗ ನನ್ನ ಪೊಟ್ಟಣಗಳು ಸೋಪಿನ ಪುಡಿಯ ಹಿಂದೆ ಇದ್ದವು. ಒಂದು ಕೂಡ ಹೋಗಿರಲಿಲ್ಲ. ಮೇಲೆ ಸೋಪಿನ ವಾಸನೆ ಬೇರೆ.

“ಇಷ್ಟು ಚೆನ್ನಾಗಿ ಬರೆದಿದ್ದೀನಲ್ಲ” ಎಂದು ನಮ್ಮನೆಯವರ ಹತ್ತಿರ ಅತ್ತುಕೊಂಡೆ. ಅವರಿಗೆ ಆಗ ನಾಗಮಂಗಲದಲ್ಲಿ ಕೆಲಸ. “ಅಲ್ಲೊಬ್ರು ಬಳೆ ಅಂಗಡಿಯಮ್ಮ ಅವ್ರೆ. ಹಬ್ಬದ ಮುಂದೆ ಹೆಂಗಸ್ರೆಲ್ಲಾ ಅಲ್ಲೇ ಇರ್ತಾರೆ. ಒಂದ್ಸಲ ಬಾ” ಎಂದರು.

ಆ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಬಳೆ ಅಮ್ಮ ನಡುವಯಸ್ಸು ದಾಟಿದ ಮುಸ್ಲಿಂ ಹೆಂಗಸು. ತಲೆ ಮೇಲಿನ ಸೆರಗು ಜಾರಿದಾಗಲೆಲ್ಲ ಮೊಣಕೈಯಿಂದಲೇ ಸರಿಪಡಿಸಿಕೊಳ್ಳುತ್ತಿದ್ದರು, ಯಾಕೆಂದರೆ ಎರಡೂ ಕೈಯಲ್ಲಿ ಯಾವಾಗಲೂ ಇನ್ನೊಬ್ಬರ ಕೈ ಇರುತ್ತಿತ್ತು. ನಾನು ಬೆಂಚಿನ ತುದಿಯಲ್ಲಿ ಕೂತು ಕಾದೆ. ಒಬ್ಬಾಕೆಯ ಗಟ್ಟಿ ಕೈಗೆ ಹಸಿರು ಬಳೆ ಏರಿಸುತ್ತಾ ಅವರು, “ಇದು ನೋಡವ್ವಾ, ನನ್ನ ಸೊಸೆ ಸೀಮಂತಕ್ಕೆ ಅಂತ ಎತ್ತಿಟ್ಟಿದ್ದ ಡಜನ್ನಲ್ಲಿ ಮಿಕ್ಕಿದ್ದು. ಮೊಮ್ಮಗಳು ಹುಟ್ಟಿದ್ಲು, ಬಳೆ ಸದ್ದು ಕೇಳಿದ್ರೆ ಅಳು ನಿಲ್ಲಿಸ್ತಾಳೆ” ಎನ್ನುತ್ತಿದ್ದರು. ಆಕೆ ನೋವು ಮರೆತು ನಕ್ಕಳು, ಅಷ್ಟರಲ್ಲಿ ಬಳೆ ಒಳಗೆ. ಇನ್ನೊಂದು ಡಜನ್ ಮಗಳಿಗೂ ಕಟ್ಟಿಸಿಕೊಂಡಳು.

ನನ್ನ ಸರದಿ ಬಂತು. ಚೀಟಿ ಓದಿಸಿ ಕೇಳಿ ಬಳೆ ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. “ಅರೆ ಬೇಟಿ, ಇದು ಆಸ್ಪತ್ರೆ ಬಾಟ್ಲಿ ಮೇಲೆ ಬರ್ದಂಗೈತಲ್ಲ! ಶುದ್ಧ, ಶುಚಿ... ನಿಮ್ಮನೇದು ಗಲೀಜು ಅಂತ ಯಾರಂದ್ರು?” ಅನ್ನುತ್ತಲೇ ಬುಟ್ಟಿಯೊಳಗೆ ಕೈಯಾಡಿಸಿ, ತಳದಲ್ಲಿದ್ದ ಒಂದು ಬಿಡಿ ಆನೆಯನ್ನು ಮೇಲೆತ್ತಿದರು. “ಇದೇನಿದು? ಆನೆನಾ, ಒಂಟೆನಾ?”

ನನಗೆ ನಾಚಿಕೆಯಾಯಿತು. ಅದು ಮಾರುವುದಕ್ಕೆ ತಂದದ್ದಲ್ಲ. ನಮ್ಮ ಆನೆ ಅಚ್ಚಿನೊಳಗೆ ಬೆನ್ನಿನ ಹತ್ತಿರ ಮರ ಚಕ್ಕೆ ಎದ್ದಿತ್ತು. ಮರ ಹೋದ ಜಾಗಕ್ಕೆ ಸಕ್ಕರೆ ತುಂಬಿಕೊಂಡು ಪ್ರತಿ ಆನೆಯ ಬೆನ್ನ ಮೇಲೂ ಒಂದು ಗಂಟು ಬರುತ್ತಿತ್ತು. ಊನವಾದದ್ದನ್ನು ಎಳ್ಳಿನ ತಟ್ಟೆಯಲ್ಲಿ ಬೀರಬಾರದೆಂದು ಅತ್ತೆ ಆ ಆನೆಗಳನ್ನು ಮನೆಮಕ್ಕಳ ಬಾಯಿಗೇ ಹಾಕಿ ಮುಗಿಸುತ್ತಿದ್ದರು. ಅದೊಂದು ಹೇಗೋ ಬುಟ್ಟಿ ಸೇರಿತ್ತು. ನಾನು ಕಿತ್ತುಕೊಳ್ಳಲು ಕೈ ಚಾಚಿದರೆ, ಬಳೆಗೆ ಕಾದು ಕೂತಿದ್ದ ನಾಲ್ಕು ಹೆಂಗಸರು ಅದನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದರು.

“ಬೆನ್ ಮ್ಯಾಲೆ ಏನ್ ಒತ್ಕಂಡದೆ ಇದು?”

“ಅಕ್ಕಿ ಮೂಟೆ ಕಣಕ್ಕ.”

“ನಿನ್ನಂಗೆ ಕೂಸು ಒತ್ಕಂಡದೆ ಸುಮ್ಕಿರು!”

ಅಂದವಾದ ಗಿಳಿ, ಮಂಟಪಗಳನ್ನು ಒಬ್ಬರೂ ಮುಟ್ಟಿರಲಿಲ್ಲ. ಬಳೆ ಅಮ್ಮ ನನ್ನ ಕೈ ಹಿಡಿದುಕೊಂಡರು. “ಕೇಳ್ತಾವ್ರೆ ನೋಡು. ಏನಾಯ್ತು ಇದಕ್ಕೆ ಅಂತ ಹೋಗಿ ತಿಳ್ಕೊಂಡು ಬಾ. ಅದನ್ನ ಬರಿ. ಆಮೇಲೆ ತಗೊಂಬಾ, ನಾನಿಡ್ತೀನಿ.”

ಬಸ್ಸಿನಲ್ಲಿ ಪಾಂಡವಪುರದ ತನಕ ನನಗೆ ಕೂರಲು ಜಾಗ ಸಿಗಲಿಲ್ಲ, ಸಿಕ್ಕಿದ್ದರೂ ಕೂರುತ್ತಿರಲಿಲ್ಲ ಅನ್ನಿಸುತ್ತದೆ. ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಮುಂದಿನ ರೂಮಿಗೆ ಹೋದೆ. ಅತ್ತೆ ನನ್ನನ್ನು ಒಳಗೆ ಬಿಟ್ಟುಕೊಂಡು, ಎಂದಿನಂತೆ ಚಿಲಕ ಹಾಕಿ, ಮರದ ಅಚ್ಚಿನ ಹೋಳುಗಳನ್ನು ಜೋಡಿಸಿ ದಾರ ಸುತ್ತುತ್ತಾ ಕೂತರು.

“ಅತ್ತೆ, ಆನೆ ಅಚ್ಚು ಹೇಗೆ ಒಡೀತು?”

ಅವರು ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು, ಬಾಗಿಲ ಕಡೆ ಒಮ್ಮೆ ನೋಡಿ, ಹೇಳಿದರು. ಮೂವತ್ತು ವರ್ಷದ ಹಿಂದಿನ ಮಾತು. ಅವರು ಹೊಸ ಸೊಸೆ. ಮೊದಲ ಸಂಕ್ರಾಂತಿಗೆ ತವರಿಗೆ ಕರೆದೊಯ್ಯಲು ಬೆಳಗೊಳದ ಕಡೆಯಿಂದ ಅವರ ಅಣ್ಣ ಗಾಡಿ ಕಟ್ಟಿಕೊಂಡು ಬಂದಿದ್ದರು. ಅವರ ಅತ್ತೆ, ಅಂದರೆ ಮಾವನ ತಾಯಿ, ಕೆಲಸ ಬಹಳ ಇದೆ ಎಂದು ಕಳಿಸಲಿಲ್ಲ. ಹಿತ್ತಲಲ್ಲಿ ಅಚ್ಚು ತೊಳೆಯುತ್ತಾ ಕೂತಿದ್ದ ಇವರಿಗೆ ಖಾಲಿ ಗಾಡಿ ತಿರುವಿನಲ್ಲಿ ಮರೆಯಾಗುವುದು ಕಾಣಿಸಿತು.

“ಕೈಲಿ ಆನೆ ಇತ್ತು. ಎತ್ತಿ ಕಲ್ಲಿಗೆ ಕುಟ್ಬುಟ್ಟೆ. ಚಕ್ಕೆ ಆರೋಯ್ತು. ಚಕ್ಕೇನ ಒಲೆಗಾಕ್ದೆ, ಅಚ್ಚನ್ನ ಸುಮ್ಕೆ ಮಡಗ್ದೆ. ಯಾರ್ಗೂ ಗೊತ್ತಾಗ್ನಿಲ್ಲ ಕಣಮ್ಮಿ.”

ಅತ್ತೆಯನ್ನು ಅಷ್ಟು ಸಣ್ಣ ಹುಡುಗಿಯಾಗಿ ನಾನು ಯಾವತ್ತೂ ಕಲ್ಪಿಸಿಕೊಂಡಿರಲಿಲ್ಲ. ಆ ಸಂಜೆಯೇ ನಾಲ್ಕು ಹಾಳೆಯ ನಡುವೆ ಕಾರ್ಬನ್ ಇಟ್ಟು, ಪೆನ್ನು ಒತ್ತಿ ಒತ್ತಿ ಬರೆದೆ.

“ಈ ಆನೆಯ ಬೆನ್ನ ಮೇಲೆ ಒಂದು ಗಂಟಿದೆ. ಮೂವತ್ತು ವರ್ಷದ ಹಿಂದೆ ನಮ್ಮತ್ತೆ ಹೊಸ ಸೊಸೆ. ಹಬ್ಬಕ್ಕೆ ತವರಿಗೆ ಕರೆಯಲು ಅಣ್ಣ ಗಾಡಿ ಕಟ್ಟಿಕೊಂಡು ಬಂದಿದ್ದರು, ಮನೆಯಲ್ಲಿ ಕಳಿಸಲಿಲ್ಲ. ಖಾಲಿ ಗಾಡಿ ತಿರುವು ದಾಟಿದಾಗ ಅವರು ಕೈಯಲ್ಲಿದ್ದ ಆನೆ ಅಚ್ಚನ್ನು ಕಲ್ಲಿಗೆ ಕುಟ್ಟಿದರು. ಒಳಗಿನ ಚಕ್ಕೆಯೊಂದು ಹಾರಿಹೋಯಿತು. ಅವತ್ತಿನಿಂದ ಈ ಮನೆಯ ಆನೆಗಳೆಲ್ಲ ಗಂಟು ಹೊತ್ತುಕೊಂಡೇ ಹುಟ್ಟುತ್ತವೆ. ತವರಿಗೆ ಹೊರಟಿರಬೇಕು.”

ಬರೆದು ಮುಗಿಸಿ, ಕೆಳಗೆ ಒಂದು ನೀತಿ ಸೇರಿಸಲೇ ಎಂದು ಶಾಲೆಯ ಅಭ್ಯಾಸಕ್ಕೆ ಯೋಚಿಸಿ, ಬಿಟ್ಟೆ. ನಾಲ್ಕನೇ ಪ್ರತಿ ಮಂಜಿನಲ್ಲಿ ಬರೆದಂತೆ ಮಸುಕಾಗಿತ್ತು. ಅದನ್ನೂ ಬಿಸಾಡಲಿಲ್ಲ.

“ಏನ್ ಬರ್ದೆ?” ಎಂದು ಅತ್ತೆ ಕೇಳಿದರು. “ಆನೆ ಕತೆ” ಎಂದೆ. ಮಕ್ಕಳ ಕತೆ ಇರಬೇಕೆಂದು ಅವರು ತಲೆಯಾಡಿಸಿದರು. ಅವರು ಕೂಡಿಸಿ ಕೂಡಿಸಿ ಓದಬಲ್ಲರು, ಆದರೆ ಕನ್ನಡಕ ಹುಡುಕುವ ವ್ಯವಧಾನ ಅವತ್ತು ಇರಲಿಲ್ಲ. ನಿಜವಾದ ಮಾತನ್ನು ಬರೆಯಲು ಯಾರ ಅಪ್ಪಣೆಯೂ ಬೇಡವೆಂದು ನಾನು ನಂಬಿದ್ದೆ. ಚಿಲಕದ ಹಿಂದೆ ಹೇಳಿದ್ದು ಅದು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆಮೇಲಿನ ವಾರವನ್ನು ಹೇಗೆ ಹೇಳಲಿ! ಪ್ರತಿ ಪೊಟ್ಟಣದಲ್ಲಿ ಒಂದು ಆನೆ, ಆನೆಯ ಕುತ್ತಿಗೆಗೆ ಕೆಂಪು ದಾರದಲ್ಲಿ ಒಂದು ಚೀಟಿ. ನಮ್ಮನೆಯವರು ಬೆಳಿಗ್ಗೆ ನಾಗಮಂಗಲಕ್ಕೆ ಒಯ್ದ ಬುಟ್ಟಿ ಸಂಜೆ ಖಾಲಿ ಬರುತ್ತಿತ್ತು. ಶನಿವಾರ ನಾನೇ ಹೋಗಿ ನೋಡಿದೆ. ಬಳೆ ಅಂಗಡಿಯ ಬೆಂಚಿನ ಮೇಲೆ ಓದಲು ಬರುವ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಹೆಂಗಸರು ಚೀಟಿ ಓದಿಸುತ್ತಿದ್ದರು. ಓದಿ ಮುಗಿಯುವ ಮೊದಲೇ ಒಬ್ಬರು, “ನಮ್ಮಣ್ಣಾನೂವೆ ಇಂಗೇಯ, ಬೆಳ್ಳೂರಿಂದ ಸೈಕಲ್ ತುಳ್ಕಂಡ್ ಬಂದು ಬರಿಗೈಲಿ ವಾಪಸ್ ಓದ” ಎಂದರು. ಇನ್ನೊಬ್ಬರು ತಾವು ಮುರಿದ ಒನಕೆಯ ಮಾತು ತೆಗೆದರು. ಮತ್ತೊಬ್ಬರು ನನ್ನ ಕಡೆ ತಿರುಗಿ, “ಮುಂದಿನ ವರ್ಸ ಕಳಿಸಿದ್ರಾ ನಿಮ್ಮತ್ತೇನ?” ಎಂದು ಎಷ್ಟು ಕಾಳಜಿಯಿಂದ ಕೇಳಿದರೆಂದರೆ, ನಿನ್ನೆ ನಡೆದ ವಿಷಯವೋ ಅನ್ನಿಸಬೇಕು. ನಾನು ಕತೆ ಹೇಳಿ ಮಾರುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ತಮ್ಮ ಕತೆ ಹೇಳಿ ಕೊಳ್ಳುತ್ತಿದ್ದರು. ಕೆ.ಆರ್. ಪೇಟೆಯ ಅಂಗಡಿಗೂ ಚೀಟಿ ಕಟ್ಟಿದ ಆನೆಗಳನ್ನು ಕಳಿಸಿದೆವು. ಅವರು ಸೋಪಿನ ಪುಡಿಯ ಹಿಂದಿನಿಂದ ನಮ್ಮ ಪೊಟ್ಟಣಗಳನ್ನು ಎತ್ತಿ ಮುಂದಕ್ಕಿಟ್ಟರೆಂದು ಸುದ್ದಿ ಬಂತು.

ಕಷ್ಟವೊಂದೇ, ಆನೆಗೆ ಇದ್ದದ್ದು ಒಂದೇ ಮರದ ಅಚ್ಚು. ಒಂದು ಎರೆದು, ಬಿಟ್ಟು, ತೊಳೆದು ಮತ್ತೊಂದು ಎರೆಯಬೇಕು. ಬೆಳಗಿನ ಕಾಫಿಗೂ ಮೊದಲು ಸ್ಟವ್ ಹಚ್ಚುತ್ತಿದ್ದೆವು. ಅತ್ತೆಯ ಮುಖದಲ್ಲಿ ಹುರುಪು. “ಊನ ಅಂತ ನಾ ಬುಡ್ತಿದ್ ಆನೇನೇ ಈಗ ಎಲ್ಲಾ ಕೇಳ್ತಾವ್ರಲ್ಲಾ, ಏನ್ ಮಾಟ ಮಾಡ್ದ್ಯೇ?” ಎಂದು ನಗುತ್ತಿದ್ದರು.

ಹಬ್ಬಕ್ಕೆ ಇನ್ನೊಂದು ವಾರ. ಮೂಟೆಯಲ್ಲಿ ಮೂರರಲ್ಲಿ ಒಂದು ಪಾಲು ಸಕ್ಕರೆ ಉಳಿದಿತ್ತು. ಅವತ್ತು ಬೆಳಿಗ್ಗೆ ಹತ್ತರ ಬಸ್ಸಿಗೆ ಕೆ.ಆರ್. ಪೇಟೆ ಅತ್ತೆ ಬಂದಿಳಿದರು. ಅವರು ಮಾವನ ತಂಗಿ, ಕೆ.ಆರ್. ಪೇಟೆಗೆ ಕೊಟ್ಟಿದ್ದ ಹೆಣ್ಣುಮಗಳು. ದೊಡ್ಡ ದನಿ, ದೊಡ್ಡ ಕುಂಕುಮ. ಜಗಲಿ ಹತ್ತುವ ಮೊದಲೇ ಕೂಗಿದರು.

“ಅತ್ಗೇ! ಆಚೆ ಬಾ!”

ಅತ್ತೆ ಕೈಯಲ್ಲಿ ಚಮಚ ಹಿಡಿದೇ ಬಂದರು. ಪೇಟೆ ಅತ್ತೆ ರವಿಕೆಯೊಳಗಿನಿಂದ ಮಡಚಿದ ಚೀಟಿ ತೆಗೆದು ಮುಖದ ಮುಂದೆ ಹಿಡಿದರು. ಅದು ನಾಲ್ಕನೇ ಪ್ರತಿ, ಆ ಮಸುಕು.

“ಆನೆ ಅಚ್ಚು ಒಡ್ದಿದ್ದು ನೀನಾ?”

ಅತ್ತೆ ನನ್ನನ್ನು ನೋಡಿದರು. ಆ ನೋಟ ನನಗೆ ಈಗಲೂ ಇರಿಯುತ್ತದೆ.

“ಲೇ ಅಮ್ಮಿ, ನಿಂಗೊತ್ತಾ?” ಪೇಟೆ ಅತ್ತೆ ನನ್ನ ಕಡೆ ತಿರುಗಿದರು. “ನಂಗಾಗ ಅತ್ತು ವರ್ಸ. ಆ ಅಚ್ಚಿಟ್ಕಂಡು ಆಟ ಆಡೋಳು ನಾನೊಬ್ಳೇಯ. ಒಡ್ದಿರೋದ ನೋಡ್ಬುಟ್ಟು ನಮ್ಮವ್ವ ನಂಗೆ ಬಾರ್ಸಿದ್ಲು ನೋಡು, ಸೌದೆ ಸೀಳ್ದಂಗೆ! ನಾನಲ್ಲ ಕಣವ್ವ, ನಾನಲ್ಲ ಅಂತ ಬಡ್ಕಂಡ್ರೂ ಬುಡ್ನಿಲ್ಲ. ಇವ್ಳು ಅಲ್ಲೇ ನಿಂತಿದ್ಲು. ಕಂಬ ಇಡ್ಕಂಡು!”

ಇದನ್ನು ಅತ್ತೆ ನನಗೆ ಹೇಳಿರಲಿಲ್ಲ. ಜಗಲಿಯ ಮೇಲಿದ್ದ ಮಾವ ಕನ್ನಡಕ ಹಾಕಿಕೊಂಡು ತಂಗಿಯ ಕೈಯಿಂದ ಚೀಟಿ ಇಸಿದುಕೊಂಡು ಓದಿದರು. ಒಂದು ಸಲ, ಮತ್ತೊಂದು ಸಲ. “ಆ ಗಾಡಿಗೆ ಎತ್ತು ಕಟ್ಕೊಟ್ಟೋನು ನಾನೇಯ” ಎಂದರು, ಯಾರಿಗೆಂದಿಲ್ಲದೆ.

ಅತ್ತೆ ಒಳಗೆ ಹೋಗಿ ಸ್ಟವ್ ಆರಿಸಿದರು. ನಾನು ಹಿಂದೆಯೇ ಓಡಿದೆ.

“ನಿನ್ ಒಬ್ಳಿಗ್ ಯೋಳಿದ್ನಲ್ಲಾ ಮಗ. ನಾಕ್ ತಾಲ್ಲೂಕಿಗೆ ಬೀರ್ಬುಟ್ಯಲ್ಲಾ” ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಸಾಕು. ಇನ್ ಅಚ್ಚೂ ಬ್ಯಾಡ, ಚೀಟೀನೂ ಬ್ಯಾಡ. ರೂಮ್ನ ಬೂತಿನವ್ನಿಗೇ ಕೊಟ್ಬುಡ್ಲಿ.”

ಬಾಣಲೆಯಲ್ಲಿ ಅರ್ಧ ತಿಕ್ಕಿದ ಪಾಕ ಕಲ್ಲಾಗಿತ್ತು. ನಾನು “ತಪ್ಪಾಯ್ತು ಅತ್ತೆ” ಎಂದು ಎಷ್ಟು ಸಲ ಹೇಳಿದೆನೋ. ಅಷ್ಟರಲ್ಲಿ ಪೇಟೆ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಚಿಲಕ ಹಾಕಲು ನಾವು ಮರೆತಿದ್ದೆವು.

“ಒಸಿ ತಡಿ, ನನ್ ಮಾತು ಮುಗ್ದಿಲ್ಲ. ಅವತ್ತು ಸಾಯಂಕಾಲ ನನ್ನ ಇತ್ತಲಿಗೆ ಕರ್ಕಂಡೋಗಿ ಬೆನ್ಗೆ ಅರಳೆಣ್ಣೆ ಅಚ್ಚಿದ್ದು ಅದ್ಕೇನಾ?”

ಅತ್ತೆ ತಲೆಯಾಡಿಸಿದರು.

“ಆಮೇಲೆ ದಿನಾ ನಂಗೆ ತಲೆ ಬಾಚ್ತಿದ್ದಿದ್ದು?”

“ಊಂ.”

“ನನ್ ಮದ್ವೇಲಿ ನಿನ್ ಓಲೆ ಬಿಚ್ಚಿ ನನ್ ಕಿವಿಗಾಕಿದ್ದು?”

ಅತ್ತೆ ಬಾಣಲೆಯಲ್ಲಿ ಕಲ್ಲಾದ ಪಾಕವನ್ನು ಚಮಚದಲ್ಲಿ ಕೆರೆಯತೊಡಗಿದರು. ಪೇಟೆ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡರು. “ಎಲ್ಲಾರ್ ಮನೆ ಅತ್ಗೇರೂ ನಾದ್ನೀರ್ನ ಕಂಡ್ರೆ ಉರ್ದುಬೀಳೋರು, ನಮ್ಮತ್ಗೆ ಅಂಗಲ್ಲ ಅಂತ ಪೇಟೆಲೆಲ್ಲಾ ಯೋಳ್ಕಂಡ್ ತಿರುಗ್ದೆನಲ್ಲೇ! ಎಲ್ಲಾ ಆ ಏಟಿನ ಬಾಬ್ತಾ!”

ಹೇಳಿ, ಅವರೇ ಮೊದಲು ಕಿಸಕ್ಕೆಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಅಳುತ್ತಲೇ ನಕ್ಕರು. ಸಕ್ಕರೆ ಮೆತ್ತಿದ ಕೈಯಲ್ಲಿ ಕಣ್ಣೊರೆಸಿಕೊಂಡು ರೆಪ್ಪೆಗೆಲ್ಲ ಬಿಳಿ ಪುಡಿ.

“ಮೊದ್ಲು ಏಟಿನ ಬಾಬ್ತು. ಆಮ್ಯಾಕೆ ಅಂಗಲ್ಲ ಕಣೆ” ಎಂದರು ಅತ್ತೆ ಸಣ್ಣಗೆ.

“ಗೊತ್ತು ಬುಡು.” ಪೇಟೆ ಅತ್ತೆ ಮೂಟೆಯ ಮೇಲೇ ಕೂತರು. ನನ್ನನ್ನು ನೋಡಿ ಗದರಿದರು. “ನಿಂಗೇನ್ ಬಂದಿತ್ತೇ? ಅಚ್ಚು ಒಡ್ದೋಳ್ನ ಬರ್ದೆ, ಗಾಡಿ ಬರ್ದೆ. ಏಟ್ ತಿಂದೋಳು ಎಲ್ಲೋದ್ಲು ನಿನ್ ಕತೇಲಿ? ತಗಿ ಪೆನ್ನು!”

ನಾನು ಅತ್ತೆಯ ಮುಖ ನೋಡಿದೆ. ಈ ಸಲ ಕೇಳದೆ ಪೆನ್ನು ಮುಟ್ಟುವುದಿಲ್ಲವೆಂದು ನಿಂತೆ. ಅತ್ತೆ ಬೆಂಕಿಪೊಟ್ಟಣ ಹುಡುಕುತ್ತಾ, “ಬರಿ. ಓಲೆ ವಿಚಾರ ಬ್ಯಾಡ. ಎಣ್ಣೆ ಅಚ್ಚಿದ್ದು ಬೇಕಾರೆ ಬರಿ” ಎಂದರು. ಸ್ಟವ್ ಮತ್ತೆ ಹತ್ತಿಕೊಂಡಿತು. ನಾನು ಬರೆದು ಗಟ್ಟಿಯಾಗಿ ಓದಿದೆ. ಇಬ್ಬರೂ ತಿದ್ದಿಸಿದರು. ಸೌದೆ ಸೀಳಿದ ಹಾಗೆ ಎನ್ನುವುದು ಇರಲೇಬೇಕೆಂದು ಪೇಟೆ ಅತ್ತೆ, ಅಷ್ಟೇನೂ ಹೊಡೆಯಲಿಲ್ಲವೆಂದು ಅತ್ತೆ. ಕೊನೆಗೆ ಸೌದೆ ಉಳಿಯಿತು.

ಮಾರನೇ ದಿನ ನಾನೂ ಪೇಟೆ ಅತ್ತೆಯೂ ಎರಡು ಬುಟ್ಟಿಯೊಂದಿಗೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ನಿಂತೆವು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಯಾರಾದರೂ ಚೀಟಿ ಓದುತ್ತಾ ಕೊನೆಯ ಸಾಲಿಗೆ ಬಂದರೆಂದರೆ ಪೇಟೆ ಅತ್ತೆ ಎದೆ ತಟ್ಟಿಕೊಂಡು, “ಏಟ್ ತಿಂದೋಳು ನಾನೇ ಕಣ್ರವ್ವ!” ಎನ್ನುವರು. ಜನ ಚೀಟಿ ಬಿಟ್ಟು ಅವರನ್ನು ನೋಡುವರು. “ನಿಜ್ವಾ?” “ಎಲ್ಲಿ, ಬೆನ್ ತೋರ್ಸಿ!” ಎಂದು ಒಬ್ಬಜ್ಜಿ. “ನಮ್ಮವ್ವನ್ ಕೇಳ್ಬೇಕಿತ್ತು ಕಣಜ್ಜಿ, ಅವ್ಳು ಒಂಟೋದ್ಲು” ಎಂದು ಇವರು. ಹೊರಟ ಬಸ್ಸಿನ ಕಂಡಕ್ಟರು ವಿಸಿಲ್ ಬಾಯಲ್ಲಿಟ್ಟುಕೊಂಡೇ ಒಂದು ಪೊಟ್ಟಣ ಕೊಂಡುಹೋದ. ನಾದಿನಿಗೆ ಕೊಡಬೇಕೆಂದು ಒಬ್ಬಾಕೆ, ಅತ್ತಿಗೆಗೆ ಕೊಟ್ಟು ಕಳಿಸುತ್ತೇನೆಂದು ಇನ್ನೊಬ್ಬಾಕೆ. ಮಾತು ಬಿಟ್ಟಿದ್ದ ಅಕ್ಕನ ಮನೆಗೆ ಈ ಆನೆಯನ್ನೇ ಮೊದಲು ಬೀರುತ್ತೇನೆಂದು ಹೇಳಿದವಳೊಬ್ಬಳು ಚೀಟಿಯನ್ನು ಎರಡು ಸಲ ಮಡಚಿ, ಹಬ್ಬಕ್ಕೆಂದು ಕೊಂಡಿದ್ದ ಹೊಸ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಳು. ನಾನು ಮೂಲೆಯಲ್ಲಿ ಕೂತು ಕಾರ್ಬನ್ ಹಾಳೆ ಬದಲಿಸುತ್ತಾ ಬರೆಯುತ್ತಲೇ ಇದ್ದೆ. ಬೆರಳ ತುದಿಯೆಲ್ಲ ನೀಲಿ. ಅಂಗಡಿ ಯಜಮಾನರು ಈ ಸಲ ಆಕಳಿಸಲಿಲ್ಲ, ನನಗೊಂದು ಸ್ಟೂಲು ತಂದು ಹಾಕಿದರು.

ಭೋಗಿಯ ಬೆಳಗಿನ ಹೊತ್ತಿಗೆ ಮನೆಯಲ್ಲಿ ಒಂದು ಸಕ್ಕರೆ ಅಚ್ಚೂ ಉಳಿದಿರಲಿಲ್ಲ. ನಾವು ಗೆದ್ದ ಸುದ್ದಿ ಕೇಳಲೆಂದೇ ಪೇಟೆ ಅತ್ತೆ ಬಸ್ಸು ಹತ್ತಿ ಬಂದಿದ್ದರು. ನಾನಂತೂ ನೆಲದ ಮೇಲೆ ಕಾಲೂರುತ್ತಿರಲಿಲ್ಲ. ಆಗ ಅತ್ತೆ, ನಾಳೆಯ ಎಳ್ಳಿನ ತಟ್ಟೆ ಜೋಡಿಸಲು ಕೂತವರು, ಹೌಹಾರಿ ಎದ್ದರು. “ಅಯ್ಯೋ, ನಮ್ಮನೆಗೇ ಇಲ್ವಲ್ಲೇ!”

ಊರಿಗೆಲ್ಲ ಅಚ್ಚು ಕೊಟ್ಟ ಮನೆಯವರು ಬರಿಯ ಎಳ್ಳು ಬೀರುವುದೇ? ಮೂಟೆ ಕೊಡವಿದೆವು. ತಳದಲ್ಲಿ ಒಂದು ಪಾಕಕ್ಕಾಗುವಷ್ಟು ಸಕ್ಕರೆ ಇತ್ತು. ಮರದ ಅಚ್ಚುಗಳು ಅದೃಷ್ಟಕ್ಕೆ ನೀರಿನಲ್ಲೇ ಇದ್ದವು. ಸ್ಟವ್ ಹಚ್ಚಿದೆವು. ನೊರೆ ತೆಗೆದು, ಸೋಸಿ, ಮತ್ತೆ ಕುದಿಯಲು ಇಟ್ಟಿದ್ದೆವಷ್ಟೆ, ಜಗಲಿಯ ಮೇಲೆ ಯಾರದೋ ದನಿ. ಕಿಟಕಿಯಲ್ಲಿ ಇಣುಕಿದೆ. ಬೂತಿನವನು. ಕೈಯಲ್ಲಿ ಅಳತೆ ಟೇಪು.

ಮಾವ ಗಡಿಯಾರ ನೋಡಿದರು. ಹನ್ನೆರಡಕ್ಕೆ ಐದೋ ಹತ್ತೋ ನಿಮಿಷ. ಒಳಗೆ ಕೂಗಿ ಕೇಳಿದರು. “ಅಚ್ಚು ಖಾಲಿ ಆಯ್ತೇನವ್ವಾ?”

“ಆಯ್ತು ಮಾವ!” ಎಂದೆ.

“ಮೂಟೆ?”

ಪೇಟೆ ಅತ್ತೆ ಬಾಣಲೆಗೆ ಅಡ್ಡ ನಿಂತು, “ಅದೂ ಆಯ್ತಣ್ಣಾ!” ಎಂದು ಕೂಗಿದರು. ನನಗೆ ಕಣ್ಣು ಹೊಡೆದರು.

ಅತ್ತೆ ಚಮಚ ಕೆಳಗಿಟ್ಟರು. ಬಾಗಿಲ ತನಕ ನಡೆದು ಹೋದರು. “ಇಲ್ಲ” ಎಂದರು. “ಕಡೇ ಪಾಕ ಒಲೆ ಮ್ಯಾಲದೆ. ನಮ್ಮನೆಗೆ ಅಂತ ಮಾಡ್ತಾ ಇವ್ನಿ. ಮಾರೋದಲ್ಲ. ನೀವು ಯೋಳಿದ್ ಲೆಕ್ಕಕ್ಕೆ ಸೋತಂಗೆ ಆಗ್ಬೋದು.”

ಪೇಟೆ ಅತ್ತೆ ಹಣೆ ಚಚ್ಚಿಕೊಂಡರು. ಬೂತಿನವನು ಟೇಪಿನ ತುದಿಯನ್ನು ಎಳೆದು, ಬಿಟ್ಟು, ಮತ್ತೆ ಎಳೆದ. ಮಾವ ಅತ್ತೆಯನ್ನು ನೋಡಿದರು. ಸಕ್ಕರೆ ಪುಡಿ ಮೆತ್ತಿದ ಸೆರಗು, ಮೊಣಕೈ ತನಕ ಸುಟ್ಟ ಸಣ್ಣ ಸಣ್ಣ ಬೊಕ್ಕೆ. ಆಮೇಲೆ ಬೂತಿನವನ ಕಡೆ ತಿರುಗಿದರು.

“ರೂಮು ಖಾಲಿ ಇಲ್ಲ ಕಣಪ್ಪ.”

“ಅಲ್ಲ ಗೌಡ್ರೆ, ಹಬ್ಬ ಆದ್ಮೇಲೆ ಖಾಲಿ ಆಗ್ಬೋದು ಅಂದಿದ್ರಿ...”

“ಹಬ್ಬ ಆದ್ಮೇಲೂ ಖಾಲಿ ಇರಲ್ಲ. ನಮ್ಮನೆ ಎಂಗಸ್ರು ಇಡ್ದವ್ರೆ. ಮೂಲೆಮನ್ಯವ್ರದೊಂದು ರೂಮದೆ, ಕೇಳ್ನೋಡು. ಕೂತ್ಕೋ, ಕಾಫಿ ಕುಡ್ದು ಓಗೀವಂತೆ.”

ಅತ್ತೆ ಒಳಗೆ ಬಂದು, ತಾವೇ ಬಾಗಿಲು ಹಾಕಿ, ಚಿಲಕ ಎಳೆದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕುಣಿಯಬೇಕೆನ್ನಿಸಿತು ನನಗೆ, ಪೇಟೆ ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. ಅತ್ತೆ ಮಾತ್ರ ಕಿವಿ ನಿಮಿರಿಸಿ ಬಾಣಲೆಯತ್ತ ಓಡಿದರು.

“ಆಮ್ಯಾಕೆ ನಗೀರಂತೆ ಕಣ್ರೇ! ಚಮ್ಚ ತಗಳಿ, ಪಾಕ ಬಂದದೆ!”